ಎಣಿಸಿದ್ದೇವೆ, ಓದಿಲ್ಲ

ಪ್ರತಿವರ್ಷ ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ವಿಶ್ವದ ಅಗ್ರ ಶೇ 2ರ ವಿಜ್ಞಾನಿಗಳ ಪಟ್ಟಿಯಲ್ಲಿ ಇಂಥ ವಿಶ್ವವಿದ್ಯಾಲಯದ, ಇಂಥ ವೈದ್ಯಕೀಯ ಕಾಲೇಜಿನ ಇಷ್ಟು ಮಂದಿ ಪ್ರಾಧ್ಯಾಪಕರು ಸ್ಥಾನ ಪಡೆದಿದ್ದಾರೆ ಎಂಬ ಸುದ್ದಿ. ಜೊತೆಗೆ ಫೋಟೊ ಇರುತ್ತದೆ, ಕುಲಪತಿಗಳ ಅಭಿನಂದನೆ ಇರುತ್ತದೆ. ಆ ಪ್ರಾಧ್ಯಾಪಕರು ಏನನ್ನು ಕಂಡುಕೊಂಡರು, ಅದರಿಂದ ಯಾರಿಗೆ ಏನು ತಿಳಿಯಿತು ಎಂಬ ಒಂದು ಸಾಲು ಇರುವುದಿಲ್ಲ. ಸಂಶೋಧಕರನ್ನು ಗೌರವಿಸುವುದು ಒಳ್ಳೆಯದೇ. ವಿಜ್ಞಾನದ ಸುದ್ದಿಗೆ ಜಾಗ ಸಿಗುವುದೇ ಅಪರೂಪವಾಗಿರುವಾಗ ಆ ಗೌರವಕ್ಕೆ ತಕರಾರು ತೆಗೆಯಬೇಕಿಲ್ಲ. ಆದರೆ ಒಬ್ಬ ಸಂಶೋಧಕರ ಜೀವಮಾನದ ಬರಹವನ್ನು ಓದದೆ, ಅದನ್ನು ಎಷ್ಟು ಸಲ ಯಾರು ಉಲ್ಲೇಖಿಸಿದರು ಎಂದಷ್ಟೇ ಎಣಿಸಿ ಮುಗಿಸುವ ಅಭ್ಯಾಸದಿಂದ ನಷ್ಟವಾಗುತ್ತಿದೆ. ಆ ನಷ್ಟವನ್ನು ಹೊರುತ್ತಿರುವವರು ವಿಜ್ಞಾನಿಗಳಿಗಿಂತ ಹೆಚ್ಚಾಗಿ ಜನಸಾಮಾನ್ಯರು, ಅದರಲ್ಲೂ ಜ್ವರ ಹಿಡಿದು ಊರೂರು ಅಲೆಯುವ ರೈತರು ಮತ್ತು ಕುರಿಗಾರರು. ರೋಗನಿರೋಧಕ ಶಕ್ತಿಯನ್ನು ಅಧ್ಯಯನ ಮಾಡುವ ಇಮ್ಯುನಾಲಜಿಯಲ್ಲಿ, ಉತ್ತರ ಕರ್ನಾಟಕದಲ್ಲೇ ನಡೆದ ಒಂದು ಕೆಲಸವನ್ನು ಎದುರಿಗಿಟ್ಟುಕೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲು ಆ ಪಟ್ಟಿ ಏನು ಎಂಬುದನ್ನು ತಿಳಿದುಕೊಳ್ಳೋಣ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಇಯೊನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಅದನ್ನು ಪ್ರಕಟಿಸಿದರು. ಆಧಾರ ಎಲ್ಸೆವಿಯರ್ ಕಂಪನಿಯ ಸ್ಕೋಪಸ್ ದತ್ತಾಂಶ. ಒಟ್ಟು ಉಲ್ಲೇಖಗಳೆಷ್ಟು, ಎಚ್-ಸೂಚ್ಯಂಕ ಎಷ್ಟು, ಒಬ್ಬರೇ ಬರೆದದ್ದಕ್ಕೆ ಬಂದ ಉಲ್ಲೇಖಗಳೆಷ್ಟು, ಮೊದಲ ಅಥವಾ ಕೊನೆಯ ಲೇಖಕರಾಗಿ ಬರೆದದ್ದಕ್ಕೆ ಬಂದವೆಷ್ಟು ಎಂಬಂಥ ಆರು ಅಳತೆಗಳನ್ನು ಕೂಡಿಸಿ ಒಂದು ಅಂಕ ಮಾಡುತ್ತಾರೆ. ಅದು ಯಾರೋ ಕೊಡುವ ಪ್ರಶಸ್ತಿಯಲ್ಲ, ಒಂದು ಲೆಕ್ಕಪಟ್ಟಿ. ಜೀವಮಾನದ ಪಟ್ಟಿ ಬೇರೆ, ಒಂದೇ ವರ್ಷದ ಪಟ್ಟಿ ಬೇರೆ. ಸುದ್ದಿಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಎಚ್-ಸೂಚ್ಯಂಕವನ್ನು ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದರು. ಇಪ್ಪತ್ತು ಪ್ರಬಂಧಗಳು ತಲಾ ಇಪ್ಪತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ಸೂಚ್ಯಂಕ ಇಪ್ಪತ್ತು. ಐದೇ ಪ್ರಬಂಧ ಬರೆದು, ಒಂದೊಂದೂ ಸಾವಿರ ಸಲ ಉಲ್ಲೇಖಗೊಂಡಿದ್ದರೂ ಸೂಚ್ಯಂಕ ಐದನ್ನು ದಾಟುವುದಿಲ್ಲ. ನಿಯತಕಾಲಿಕೆಗಳನ್ನು ತೂಗುವ ಇಂಪ್ಯಾಕ್ಟ್ ಫ್ಯಾಕ್ಟರ್ ಇನ್ನೂ ಹಳೆಯದು. ಹಿಂದಿನ ಎರಡು ವರ್ಷಗಳಲ್ಲಿ ಅಚ್ಚಾದ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂದವು ಎಂಬುದಷ್ಟೇ ಅದರ ಅರ್ಥ. ಯಾವ ನಿಯತಕಾಲಿಕೆ ಕೊಳ್ಳಬೇಕೆಂದು ಗ್ರಂಥಾಲಯಗಳು ತೀರ್ಮಾನಿಸಲು ನೆರವಾದ ಆ ಸಂಖ್ಯೆ ಕ್ರಮೇಣ ಮನುಷ್ಯರನ್ನು ತೂಗುವ ಕಲ್ಲಾಯಿತು. ಇದು ತಪ್ಪೆಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2012ರಲ್ಲಿ ಸೇರಿದ ಸಂಪಾದಕರು, ವಿಜ್ಞಾನಿಗಳು ಘೋಷಣೆಯನ್ನೇ ಹೊರಡಿಸಿದರು. 2015ರಲ್ಲಿ ಅಂಕಿಗಳ ಇಂಥ ದುರ್ಬಳಕೆಯ ವಿರುದ್ಧ ಲೈಡನ್ ಪ್ರಣಾಳಿಕೆ ಬಂತು. ಈ ಅಳತೆಗಳೆಲ್ಲ ಹೇಳುವುದು ಒಂದೇ ಸಂಗತಿ: ಪ್ರಬಂಧ ಬರೆಯುವ ಇತರರು ಈ ಪ್ರಬಂಧದ ಬಗ್ಗೆ ಎಷ್ಟು ಮಾತಾಡಿದರು ಎಂಬುದು. ಆ ಮಾತು ಮುಖ್ಯವಲ್ಲ ಎಂದಲ್ಲ. ಆದರೆ ರೋಗದ ವಿಜ್ಞಾನದಲ್ಲಿ ಅದು ಅರ್ಧ ದಾರಿ ಮಾತ್ರ.

ಈಗ ಕೃಷ್ಣೆಯ ದಡಕ್ಕೆ ಬರೋಣ. ಬೆಳಗಾವಿ ಜಿಲ್ಲೆಯ ಉಗಾರ ಖುರ್ದ, ಶೇಡಬಾಳ, ಕುಡಚಿ, ಅಥಣಿ, ರಾಯಬಾಗದ ಈ ಸೀಮೆ ಕಬ್ಬಿನದು ಎಂದೇ ಹೊರಗಿನವರಿಗೆ ಗೊತ್ತು. ಕಬ್ಬಿನ ಜೊತೆಗೇ ಇದು ಎಮ್ಮೆ, ಆಕಳು, ಎತ್ತುಗಳ ಸೀಮೆ. ಮೇಕೆ ಕಟ್ಟಿಕೊಂಡ ಮನೆಗಳ, ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಳ್ಳುವ ರೈತರ ಸೀಮೆ. ದನ ಕಂದು ಹಾಕಿದಾಗ, ಕುರಿ ಈಯುವಾಗ ಬರಿಗೈಯಲ್ಲಿ ಮಾಸು ತೆಗೆಯುವುದು ಇಲ್ಲಿ ನಿತ್ಯದ ಕೆಲಸ. ಹೀಗೆ ದನಕರು, ಆಡು ಕುರಿಗಳಿಂದ ಮನುಷ್ಯರಿಗೆ ದಾಟುವ ರೋಗ ಬ್ರುಸೆಲ್ಲೋಸಿಸ್. ಪಶುವೈದ್ಯರು ಕಂದು ರೋಗ ಎನ್ನುತ್ತಾರೆ. ಹಸಿ ಹಾಲಿನಿಂದಲೂ ಬರುತ್ತದೆ. ಜ್ವರ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಬೆವರು, ಕೀಲುನೋವು, ಸೊಂಟನೋವು. ಟೈಫಾಯ್ಡ್ ಎಂದುಕೊಂಡು ಒಂದಷ್ಟು ದಿನ, ಬೆನ್ನುಮೂಳೆಯ ಕ್ಷಯ ಎಂದುಕೊಂಡು ತಿಂಗಳುಗಟ್ಟಲೆ ಬೇರೆ ಔಷಧ ನುಂಗುವ ಅಪಾಯ ಈ ರೋಗದಲ್ಲಿ ಎಲ್ಲ ಕಡೆಯೂ ಇದೆ. ಈ ರೋಗದ ಬೆನ್ನು ಹತ್ತಿದವರು ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲಿ, ಆಮೇಲೆ ಬೆಳಗಾವಿಯ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ ಸೂಕ್ಷ್ಮಜೀವಿ ತಜ್ಞ ಡಾ. ಬಿ. ಜಿ. ಮಂಟೂರ ಮತ್ತು ಅವರ ಸಹೋದ್ಯೋಗಿಗಳು. 2004ರಲ್ಲಿ 93 ಮಕ್ಕಳ ಪ್ರಕರಣಗಳ ಅಧ್ಯಯನ ಪ್ರಕಟವಾಯಿತು. 2006ರಲ್ಲಿ 495 ವಯಸ್ಕರ ಪ್ರಕರಣಗಳು. ಹಿಂದಿನ ಹದಿನಾರು ವರ್ಷಗಳ ಅನುಭವದ ಸಾರ. 2007 ಮತ್ತು 2008ರಲ್ಲಿ ಎರಡು ಸಮೀಕ್ಷಾ ಲೇಖನಗಳು, 2010ರಲ್ಲಿ ಎಲೈಸಾ ಎಂಬ ರಕ್ತಪರೀಕ್ಷೆಯನ್ನು ಹಳೆಯ ವಿಧಾನಗಳ ಪಕ್ಕದಲ್ಲಿಟ್ಟು ನೋಡಿದ ಪ್ರಬಂಧ. ಒಂದೇ ಪ್ರದೇಶ, ಒಂದೇ ರೋಗ. ಇಷ್ಟು ಏಕಾಗ್ರವಾದ ಪ್ರಕಟಣಾ ದಾಖಲೆ ನಮ್ಮ ಜಿಲ್ಲಾ ಮಟ್ಟದ ವೈದ್ಯಕೀಯ ಕಾಲೇಜುಗಳಲ್ಲಿ ಅಪರೂಪ.

ಇದು ಸೂಕ್ಷ್ಮಜೀವಿಶಾಸ್ತ್ರ, ಇಮ್ಯುನಾಲಜಿ ಎಲ್ಲಿ ಬಂತು ಎಂದು ಕೇಳಬಹುದು. ರೋಗಿಯ ರಕ್ತದಿಂದ ಬ್ರುಸೆಲ್ಲಾ ರೋಗಾಣುವನ್ನು ಬೆಳೆಸಿ ತೋರಿಸುವುದು ನಿಧಾನ, ಕಷ್ಟ, ಪ್ರಯೋಗಾಲಯದ ಸಿಬ್ಬಂದಿಗೇ ಸೋಂಕು ತಗಲುವಷ್ಟು ಅಪಾಯಕಾರಿ. ಹಾಗಾಗಿ ವೈದ್ಯರು ನೋಡುವುದು ರೋಗಾಣುವಿಗೆ ಮೈ ಕೊಟ್ಟ ಉತ್ತರವನ್ನು, ಅಂದರೆ ಪ್ರತಿಕಾಯಗಳನ್ನು. ಸೋಂಕು ತಗಲಿದ ಮೊದಲ ವಾರದ ಸುಮಾರಿಗೆ ಐಜಿಎಂ ಎಂಬ ಪ್ರತಿಕಾಯ ಏಳುತ್ತದೆ, ಆಮೇಲೆ ಐಜಿಜಿ. ರಕ್ತದ ಸೀರಂ ಅನ್ನು ರೋಗಾಣುಗಳ ದ್ರವದೊಂದಿಗೆ ಬೆರೆಸಿದಾಗ ಅವು ಗಂಟುಕಟ್ಟಿಕೊಂಡರೆ ಪ್ರತಿಕಾಯ ಇದೆ ಎಂದರ್ಥ. ಪ್ರತಿಕಾಯ ಅತಿಯಾಗಿದ್ದರೆ ಗಂಟು ಕಟ್ಟುವುದೇ ಇಲ್ಲ, ಪರೀಕ್ಷೆ ಸುಳ್ಳು ಹೇಳುತ್ತದೆ. ಸೀರಂ ಅನ್ನು ಇನ್ನಷ್ಟು ತೆಳುವಾಗಿಸಿ ನೋಡಿದರೆ ಮಾತ್ರ ಸತ್ಯ ಗೊತ್ತಾಗುತ್ತದೆ. ರೋಗ ಹಳತಾದಂತೆ ಗಂಟುಕಟ್ಟುವ ಪರೀಕ್ಷೆಯ ಹಿಡಿತ ಸಡಿಲವಾಗುತ್ತದೆ. ಬ್ರುಸೆಲ್ಲಾ ನಮ್ಮ ರಕ್ಷಕ ಜೀವಕೋಶಗಳ ಒಳಗೇ ಅಡಗಿ ಬದುಕುವುದರಿಂದ ಎರಡು ಔಷಧಗಳನ್ನು ಕೂಡಿಸಿ ಆರು ವಾರ ಕೊಡಬೇಕಾಗುತ್ತದೆ, ಬಿಟ್ಟರೆ ಮರುಕಳಿಸುತ್ತದೆ. 2010ರ ಬೆಳಗಾವಿಯ ಪ್ರಬಂಧ ತೋರಿಸಿದ್ದು ಗಂಟುಕಟ್ಟುವ ಪರೀಕ್ಷೆಯ ಈ ಮಿತಿಯನ್ನೇ: ಹಳೆಯ ಪರೀಕ್ಷೆಗೆ ಸಿಗದೆ ಹೋದ ಪ್ರಕರಣಗಳು ಎಲೈಸಾದಲ್ಲಿ ಸಿಕ್ಕವು. ರೋಗಿಯ ಪಾಲಿಗೆ ಇದರ ಬೆಲೆ ಎಷ್ಟು ಎಂಬುದು ತಿಂಗಳುಗಟ್ಟಲೆ ಹೆಸರಿಲ್ಲದ ಜ್ವರದಲ್ಲಿ ಮಲಗಿದವರ ಮನೆಯವರಿಗೆ ಹೇಳಿಕೊಡಬೇಕಿಲ್ಲ.

ಈ ದಾಖಲೆಯನ್ನು ಅಂಕಿಯ ಕಣ್ಣಿನಿಂದ ನೋಡಿದರೆ ಎರಡು ವಿಚಿತ್ರಗಳು ಕಾಣುತ್ತವೆ. ಒಂದು, ಇವುಗಳಲ್ಲಿ ಹೆಚ್ಚಿನವು ಅಚ್ಚಾದದ್ದು ಭಾರತದ ನಿಯತಕಾಲಿಕೆಗಳಲ್ಲಿ ಅಥವಾ ಉಷ್ಣವಲಯದ ರೋಗಗಳಿಗೆ ಮೀಸಲಾದ ಪತ್ರಿಕೆಗಳಲ್ಲಿ. ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವ ಆಯ್ಕೆ ಸಮಿತಿಯ ಎದುರು ಅವು ಎದ್ದು ಕಾಣುವಂಥವಲ್ಲ. ಹಾಗಿದ್ದೂ ಜಗತ್ತಿನಲ್ಲಿ ಬ್ರುಸೆಲ್ಲೋಸಿಸ್ ಬಗ್ಗೆ ಬರೆಯುವವರು ಅವುಗಳನ್ನು ನೂರಾರು ಸಲ ಉಲ್ಲೇಖಿಸಿದ್ದಾರೆ. ಅಂದರೆ ಪತ್ರಿಕೆಯ ತೂಕ ಪ್ರಬಂಧದ ತೂಕವನ್ನು ಹೇಳಲಿಲ್ಲ. ಇನ್ನೊಂದು ಹೆಚ್ಚು ಮುಖ್ಯವಾದದ್ದು. ಅತಿ ಹೆಚ್ಚು ಉಲ್ಲೇಖ ಪಡೆದವು ಸಮೀಕ್ಷಾ ಲೇಖನಗಳು. 93 ಮಕ್ಕಳ, 495 ವಯಸ್ಕರ ರಕ್ತ ಪರೀಕ್ಷಿಸಿ ಬರೆದ ಮೂಲ ಅಧ್ಯಯನಗಳಲ್ಲ. ಇದು ಬಹುತೇಕ ವಿಜ್ಞಾನ ಶಾಖೆಗಳಲ್ಲೂ ಹೀಗೆಯೇ: ಹತ್ತು ಜನರ ಕೆಲಸವನ್ನು ಒಂದೆಡೆ ಸಂಗ್ರಹಿಸಿದ ಬರಹವನ್ನು ಉಲ್ಲೇಖಿಸುವುದು ಅನುಕೂಲ. ಸಮೀಕ್ಷೆ ಬರೆಯುವುದು ಸಣ್ಣ ಕೆಲಸವಲ್ಲ. ಆದರೆ ಆ ಸಮೀಕ್ಷೆಗೆ ಬೆಲೆ ಬಂದದ್ದು ಬರೆದವರು ಹದಿನಾರು ವರ್ಷ ರೋಗಿಗಳನ್ನು ನೋಡಿದ್ದರಿಂದ. ಉಲ್ಲೇಖದ ಸಂಖ್ಯೆ ಸಮೀಕ್ಷೆಗೆ ಮಾಲೆ ಹಾಕಿ, ಹದಿನಾರು ವರ್ಷಗಳನ್ನು ಹಿಂದಿನ ಸಾಲಿನಲ್ಲಿ ಕೂರಿಸುತ್ತದೆ. ಓದಿದವರಿಗೆ ಮಾತ್ರ ಇವೆರಡರ ಸಂಬಂಧ ಕಾಣುತ್ತದೆ.

ಓದಿದವರಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ, ನನ್ನ ವಾದದ ತಿರುಳು ಅದೇ. ವಿಜಯಪುರದ ಈ ಅಧ್ಯಯನಗಳಲ್ಲಿ ರೋಗಿಗಳ ರಕ್ತದಿಂದ ಬೆಳೆಸಿ ಗುರುತಿಸಿದ ರೋಗಾಣು ಬಹುಪಾಲು ಬ್ರುಸೆಲ್ಲಾ ಮೆಲಿಟೆನ್ಸಿಸ್. ಅದರ ಸಹಜ ಮನೆ ಆಡು ಮತ್ತು ಕುರಿ. ದನಗಳಲ್ಲಿ ಮುಖ್ಯವಾಗಿ ಕಾಣುವುದು ಬ್ರುಸೆಲ್ಲಾ ಅಬಾರ್ಟಸ್. ಈಗ ನಮ್ಮ ನೀತಿಯನ್ನು ನೋಡಿ. 2019ರ ಸೆಪ್ಟೆಂಬರ್ 11ರಂದು ಮಥುರೆಯಲ್ಲಿ ಪ್ರಧಾನಿ ಚಾಲನೆ ಕೊಟ್ಟ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮಕ್ಕೆ ₹13,343 ಕೋಟಿ ಮೀಸಲಿಟ್ಟರು. ಕಾಲುಬಾಯಿ ಬೇನೆಯ ಜೊತೆಗೆ ಬ್ರುಸೆಲ್ಲೋಸಿಸ್ ಅನ್ನೂ ಅದರಲ್ಲಿ ಸೇರಿಸಿದ್ದು ದೊಡ್ಡ ಹೆಜ್ಜೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ಅಂದರೆ ಆಕಳು ಮತ್ತು ಎಮ್ಮೆಯ ಕರುಗಳಿಗೆ, ಜೀವಮಾನದಲ್ಲಿ ಒಮ್ಮೆ ಎಸ್-19 ಲಸಿಕೆ. ಆಡು ಕುರಿಗಳ ಬ್ರುಸೆಲ್ಲೋಸಿಸ್‌ಗೆ ಲಸಿಕೆ ಆ ಯೋಜನೆಯಲ್ಲಿಲ್ಲ. ಕರುಗಳಿಗೆ ಲಸಿಕೆ ಬೇಡವೆಂದು ಯಾರೂ ಹೇಳುವುದಿಲ್ಲ. ಕಂದು ಹಾಕಿದ ಎಮ್ಮೆ ಒಂದು ಮನೆಯ ವರ್ಷದ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಆದರೆ ಮನುಷ್ಯರಲ್ಲಿ ಕಂಡ ರೋಗಾಣು ಹೆಚ್ಚಾಗಿ ಆಡು ಕುರಿಗಳದ್ದು ಎಂದು ನಮ್ಮದೇ ಜಿಲ್ಲೆಗಳ ಪ್ರಬಂಧಗಳು ಹೇಳುತ್ತ ಬಂದಿರುವಾಗ, ಕುರಿಗಾರರ ಮನೆಯ ಜ್ವರಕ್ಕೆ ಆ ಯೋಜನೆಯಲ್ಲಿ ಉತ್ತರವಿಲ್ಲ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಎಂಬ ರಾಷ್ಟ್ರೀಯ ಪಶುರೋಗ ಸಂಸ್ಥೆಯಲ್ಲಿ ರಾಜೇಶ್ವರಿ ಶೋಮೆ ಮತ್ತು ತಂಡದವರು ಪ್ರಾಣಿಗಳಲ್ಲಿ ಈ ರೋಗವನ್ನು ವರ್ಷಗಳಿಂದ ಅಧ್ಯಯನ ಮಾಡಿದ್ದಾರೆ. ಮನುಷ್ಯರ ಕಡೆಯ ದಾಖಲೆ ಇದೆ, ಪ್ರಾಣಿಗಳ ಕಡೆಯ ದಾಖಲೆಯೂ ಇದೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಓದಿ, ಈ ಜಿಲ್ಲೆಯಲ್ಲಿ ಏನು ಮಾಡಬೇಕು ಎಂದು ನಿರ್ಧರಿಸುವ ಹೊಣೆ ಹೊತ್ತವರು ಕಾಣುವುದಿಲ್ಲ. ಎಚ್-ಸೂಚ್ಯಂಕ ಎಷ್ಟೇ ಏರಿದರೂ ಈ ಖಾಲಿ ಜಾಗ ಅದರಲ್ಲಿ ಕಾಣುವುದಿಲ್ಲ.

ಇದೇ ರೋಗದ ಇತಿಹಾಸದಲ್ಲಿ ಇದಕ್ಕೆ ಎದುರಾದ ನಿದರ್ಶನವಿದೆ. ಮಾಲ್ಟಾ ದ್ವೀಪದ ಬ್ರಿಟಿಷ್ ಸೈನಿಕರ ಜ್ವರಕ್ಕೆ ಕಾರಣವಾದ ರೋಗಾಣುವನ್ನು ಡೇವಿಡ್ ಬ್ರೂಸ್ 1887ರಲ್ಲಿ ಗುರುತಿಸಿದರು. 1897ರಲ್ಲಿ ಆಲ್ಮ್ರಾತ್ ರೈಟ್ ಆ ಜ್ವರಕ್ಕೆ ಗಂಟುಕಟ್ಟುವ ಪರೀಕ್ಷೆಯನ್ನು ರೂಪಿಸಿದರು. ಇಂದಿಗೂ ನಮ್ಮ ಪ್ರಯೋಗಾಲಯಗಳಲ್ಲಿ ನಡೆಯುವುದು ಅದೇ ತತ್ವದ ಪರೀಕ್ಷೆ. 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೊಕ್ಲಿಸ್ ಜಮ್ಮಿತ್ ಆ ಪರೀಕ್ಷೆಯನ್ನು ಮೇಕೆಗಳ ರಕ್ತದ ಮೇಲೆ ಮಾಡಿದರು. ನೋಡಲು ಆರೋಗ್ಯವಾಗಿದ್ದ ಮೇಕೆಗಳ ರಕ್ತದಲ್ಲಿ ಪ್ರತಿಕಾಯಗಳಿದ್ದವು, ಹಾಲಿನಲ್ಲಿ ರೋಗಾಣುವೂ ಸಿಕ್ಕಿತು. ಮರುವರ್ಷವೇ ಸೈನ್ಯದ ಊಟದಿಂದ ಮೇಕೆ ಹಾಲನ್ನು ತೆಗೆದುಹಾಕಿದರು, ಸೈನಿಕರಲ್ಲಿ ಜ್ವರ ಕುಸಿಯಿತು. ಒಂದು ಪ್ರತಿಕಾಯ ಪರೀಕ್ಷೆಯ ಫಲಿತಾಂಶ ಒಂದೇ ವರ್ಷದಲ್ಲಿ ಆದೇಶವಾಯಿತು. ಆದರೆ ಮಾಲ್ಟಾದ ಸಾಮಾನ್ಯ ಜನರ ಪಾಲಿಗೆ ಹಾಲು ಕಾಯಿಸಿ ಮಾರುವ ವ್ಯವಸ್ಥೆ ಬಂದದ್ದು 1938ರಲ್ಲಿ. ವಿಜ್ಞಾನ ಒಂದೇ, ಅದನ್ನು ಜಾರಿಗೆ ತರುವ ಅಧಿಕಾರ ಸೈನಿಕರ ಹಿಂದೆ ಇತ್ತು, ಊರಿನವರ ಹಿಂದೆ ಇರಲಿಲ್ಲ. ಜಮ್ಮಿತ್ ಅವರ ಸಂಶೋಧನೆಯ ಪರಿಣಾಮ ಎಷ್ಟು ಎಂದು ಕೇಳಿದರೆ ಉತ್ತರ ಅವರ ಪ್ರಬಂಧದಲ್ಲಿ ಮಾತ್ರವಲ್ಲ, ಆ ಮೂವತ್ತೆರಡು ವರ್ಷಗಳಲ್ಲಿಯೂ ಇದೆ.

ನಮ್ಮ ಜಿಲ್ಲೆಯಲ್ಲೇ ದಾರಿ ಪೂರ್ತಿ ಸಾಗಿದ ಉದಾಹರಣೆಯೂ ಉಂಟು, ಅದು ಇಮ್ಯುನಾಲಜಿಯದ್ದಲ್ಲವಾದರೂ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಮಹಿಳೆಯರ ಅಧ್ಯಯನದಲ್ಲಿ ಪರೀಕ್ಷಿಸಲಾಯಿತು. ಮಾತ್ರೆ ಕೊಟ್ಟವರು ಊರಿನ ಎಎನ್‌ಎಂ ಸಿಸ್ಟರ್‌ಗಳು. ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ರಿಚರ್ಡ್ ಡರ್ಮನ್, ಬೆಳಗಾವಿಯ ಬಿ. ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ್ ಮತ್ತಿತರರ ಆ ಪ್ರಬಂಧ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಸಂಶೋಧನೆಯ ಪ್ರಶ್ನೆಯಲ್ಲೇ ಅದನ್ನು ಜಾರಿಗೆ ತರುವವರು ಯಾರು ಎಂಬುದೂ ಸೇರಿತ್ತು. ಬ್ರುಸೆಲ್ಲೋಸಿಸ್‌ನಲ್ಲಿ ಆರೋಗ್ಯ ಇಲಾಖೆ, ಪಶುಸಂಗೋಪನಾ ಇಲಾಖೆ ಎಂದು ಎರಡು ಬಾಗಿಲುಗಳಿವೆ, ರೋಗಾಣು ಎರಡರ ನಡುವೆ ಓಡಾಡುತ್ತದೆ.

ಇದಕ್ಕೆಲ್ಲ ಒಂದು ಗಟ್ಟಿಯಾದ ಆಕ್ಷೇಪವಿದೆ. ಅಂಕಿಗಳನ್ನು ಬಿಟ್ಟರೆ ಉಳಿಯುವುದೇನು? ಶಿಫಾರಸು, ಜಾತಿ, ಗುಂಪು. ಒಬ್ಬ ಬಡ ಮನೆಯ, ಯಾರ ಬೆಂಬಲವೂ ಇಲ್ಲದ ಸಂಶೋಧಕ ಆಯ್ಕೆ ಸಮಿತಿಯ ಎದುರು ನಿಂತಾಗ ಅವನ ಪರವಾಗಿ ಮಾತಾಡುವುದು ಆ ಅಂಕಿಗಳೇ ಅಲ್ಲವೇ? ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ನಮ್ಮ ನೇಮಕಾತಿಗಳ ಚರಿತ್ರೆ ಗೊತ್ತಿರುವ ಯಾರೂ ಸಮಿತಿಯ ವಿವೇಚನೆ ಎಂಬ ಮಾತನ್ನು ಕಣ್ಣು ಮುಚ್ಚಿ ನಂಬುವುದಿಲ್ಲ. ಆದರೆ ಅಂಕಿ ಈ ಅನ್ಯಾಯವನ್ನು ತಡೆದಿದೆಯೇ? ಯುಜಿಸಿ 2010ರಲ್ಲಿ ಪ್ರಬಂಧಗಳಿಗೆ ಅಂಕ ಕೊಡುವ ಎಪಿಐ ಪದ್ಧತಿ ತಂದಿತು. ವೈದ್ಯಕೀಯ ಕಾಲೇಜುಗಳಲ್ಲೂ ಬಡ್ತಿಗೆ ಪ್ರಬಂಧ ಬೇಕೆಂಬ ನಿಯಮ ಬಂತು. ಅದರ ಹಿಂದೆಯೇ, ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಸಂತೆ ನೆರೆಯಿತು. ಡೇವಿಡ್ ಮೋಹರ್ ಮತ್ತು ಸಂಗಡಿಗರು 2017ರಲ್ಲಿ ನೇಚರ್‌ನಲ್ಲಿ ಬರೆದ ಪ್ರಕಾರ, ಅವರು ಪರಿಶೀಲಿಸಿದ ಇಂಥ ಪತ್ರಿಕೆಗಳ ಜೀವವೈದ್ಯಕೀಯ ಲೇಖನಗಳಲ್ಲಿ ಶೇ 27ರಷ್ಟು ಭಾರತದಿಂದ ಬಂದವು, ಜಗತ್ತಿನಲ್ಲೇ ಅತಿ ಹೆಚ್ಚು. ಅಂಥ ಪತ್ರಿಕೆಗಳನ್ನು ಸೋಸಲು ಮಾಡಿದ ಕೇರ್ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿತು. ಪಿಎಚ್‌ಡಿಗೆ ಪ್ರಬಂಧ ಕಡ್ಡಾಯ ಎಂಬ ನಿಯಮವನ್ನು 2022ರಲ್ಲೇ ತೆಗೆದಿತ್ತು. ಅಂಕಿಯೇ ಗುರಿಯಾದಾಗ ಹಣ, ಪ್ರಭಾವ ಇದ್ದವರು ಅಂಕಿಯನ್ನೂ ಕೊಳ್ಳುತ್ತಾರೆ. ನಷ್ಟವಾಗುವುದು ಮತ್ತೆ ಆ ಬೆಂಬಲವಿಲ್ಲದ ಸಂಶೋಧಕನಿಗೇ. ಹಾಗಾಗಿ ಅಂಕಿಯನ್ನು ಬಿಡಿ ಎನ್ನುತ್ತಿಲ್ಲ. ಅದು ಸಮಿತಿಯ ತೀರ್ಪಿಗೆ ಸಾಕ್ಷಿಯಾಗಲಿ, ತೀರ್ಪೇ ಆಗದಿರಲಿ. ಅಭ್ಯರ್ಥಿ ತನ್ನ ಐದು ಕೆಲಸಗಳನ್ನು ಆರಿಸಿ ಕೊಡಲಿ. ಸಮಿತಿ ಅವುಗಳನ್ನು ಓದಿ, ಏನು ಕಂಡೆವೆಂದು ಹೆಸರು ಹಾಕಿ ಬರೆದು ಪ್ರಕಟಿಸಲಿ. ಬರೆದು ಪ್ರಕಟಿಸಿದ ಕಾರಣವನ್ನು ಪ್ರಶ್ನಿಸಬಹುದು. ಮೌನವಾಗಿ ಕೂಡಿಸಿದ ಅಂಕವನ್ನು ಪ್ರಶ್ನಿಸುವುದು ಕಷ್ಟ.

ಇನ್ನೊಂದು ಆಕ್ಷೇಪ ಮೂಲ ವಿಜ್ಞಾನದ ಕಡೆಯಿಂದ ಬರುತ್ತದೆ. ಎಲ್ಲ ಸಂಶೋಧನೆಯನ್ನೂ ಊರಿನ ಜ್ವರಕ್ಕೆ ಏನು ಮಾಡಿತು ಎಂದು ಕೇಳತೊಡಗಿದರೆ, ಇವತ್ತು ಉಪಯೋಗ ಕಾಣದ ಮೂಲ ಪ್ರಶ್ನೆಗಳನ್ನು ಕೇಳುವವರು ಯಾರು? ಈ ಭಯ ನಿಜ, ಆದರೆ ಅಂಕಿ ಆ ವಿಜ್ಞಾನಿಗಳನ್ನೂ ಕಾಯಲಿಲ್ಲ. ವಿಜ್ಞಾನಿ ಕಟಲಿನ್ ಕಾರಿಕೊ ಅವರನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 1995ರಲ್ಲಿ ಕೆಳಗಿನ ಹುದ್ದೆಗೆ ಇಳಿಸಿತು. ಡ್ರೂ ವೈಸ್‌ಮನ್ ಜೊತೆಗೂಡಿ ಅವರು 2005ರಲ್ಲಿ ಇಮ್ಯುನಿಟಿ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ, ಹೊರಗಿನಿಂದ ಬಂದ ಆರ್‌ಎನ್‌ಎಯನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಹೇಗೆ ಗುರುತಿಸುತ್ತದೆ, ಸಣ್ಣ ರಾಸಾಯನಿಕ ಬದಲಾವಣೆಯಿಂದ ಆ ಗುರುತನ್ನು ಹೇಗೆ ಮರೆಸಬಹುದು ಎಂಬುದನ್ನು ವಿವರಿಸಿತು. ಆಗ ಅದಕ್ಕೆ ಸಿಕ್ಕ ಗಮನ ಅಲ್ಪ. ಹದಿನೈದು ವರ್ಷಗಳ ನಂತರ ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳು ಆ ತಿಳಿವಳಿಕೆಯ ಮೇಲೆ ನಿಂತವು, 2023ರಲ್ಲಿ ನೊಬೆಲ್ ಬಂತು. ಆ ಪ್ರಬಂಧದ ಮಹತ್ವ 2006ರಲ್ಲಿ ಕಾಣಬಹುದಾಗಿದ್ದುದು ಅದನ್ನು ಕೂತು ಓದಿದವರಿಗೆ, ಉಲ್ಲೇಖ ಎಣಿಸಿದವರಿಗಲ್ಲ. ಮೂಲ ವಿಜ್ಞಾನಿಗೂ, ಜಿಲ್ಲಾಸ್ಪತ್ರೆಯ ಸಂಶೋಧಕನಿಗೂ ಬೇಕಾಗಿರುವುದು ಒಂದೇ: ಆ ವಿಷಯ ಬಲ್ಲ ಓದುಗರು.

ಹಾಗಾದರೆ ಸ್ಥಳೀಯ ರೋಗದ ಹೆಸರಿನಲ್ಲಿ ದುರ್ಬಲ ಕೆಲಸಕ್ಕೂ ರಿಯಾಯಿತಿ ಕೊಡಬೇಕೇ? ಖಂಡಿತ ಬೇಡ. ಮಂಗನ ಕಾಯಿಲೆಯ ಲಸಿಕೆಯ ಕಥೆ ಇದಕ್ಕೆ ಎಚ್ಚರಿಕೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡ ಈ ರೋಗದ ವೈರಾಣುವನ್ನು ಅಧ್ಯಯನ ಮಾಡುವ ಪ್ರಯೋಗಾಲಯಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಆದ್ದರಿಂದ ಎಷ್ಟು ಒಳ್ಳೆಯ ಪ್ರಬಂಧ ಬರೆದರೂ ಉಲ್ಲೇಖಿಸುವವರು ಕಡಿಮೆ. ಲಸಿಕೆಯ ಕುರಿತು 1994ರಲ್ಲಿ ಪ್ರಕಟವಾದ ಕ್ಷೇತ್ರ ಅಧ್ಯಯನ, ಒಂದು ಡೋಸ್‌ಗೆ ಶೇ 79.3, ಎರಡಕ್ಕೆ ಶೇ 93.5 ರಕ್ಷಣೆ ಎಂದು ಹೇಳಿತು. ಎಲ್ಲರೂ ಆ ಅಂಕಿಯನ್ನು ನಂಬಿ ನಡೆದರು. 2013ರಲ್ಲಿ ಗುಡದಪ್ಪ ಕಸಬಿ ಮತ್ತು ಸಂಗಡಿಗರು 2005ರಿಂದ 2010ರವರೆಗಿನ ಕರ್ನಾಟಕದ ದಾಖಲೆಗಳನ್ನು ಪರಿಶೀಲಿಸಿದಾಗ ಎರಡು ಡೋಸ್‌ಗಳ ರಕ್ಷಣೆ ಶೇ 62.4 ಮಾತ್ರ, ಬೂಸ್ಟರ್ ಸೇರಿದರೆ ಶೇ 82.9 ಎಂದು ಕಂಡುಬಂತು. ತಮ್ಮದೇ ರಾಜ್ಯದ ಲಸಿಕೆ ಅಂದುಕೊಂಡಷ್ಟು ಬಲವಾಗಿಲ್ಲ ಎಂದು ಅಂಕಿ ಸಮೇತ ಬರೆಯುವುದಕ್ಕೆ ಧೈರ್ಯ ಬೇಕು. ಆ ಕೆಲಸಕ್ಕೆ ಶೇ 2ರ ಪಟ್ಟಿಯಲ್ಲಿ ಏನು ಸ್ಥಾನ ಸಿಗುತ್ತದೆಯೋ ತಿಳಿಯದು, ಮಲೆನಾಡಿನ ಜನರ ಮಟ್ಟಿಗೆ ಅದು ಆ ದಶಕದ ಅತಿ ಮುಖ್ಯ ಪ್ರಬಂಧಗಳಲ್ಲೊಂದು. ಆ ಹಳೆಯ ಲಸಿಕೆಯ ಬಳಕೆ ನಿಂತದ್ದು 2022ರ ಸುಮಾರಿಗೆ, ಪ್ರಬಂಧ ಬಂದು ಸುಮಾರು ಒಂಬತ್ತು ವರ್ಷಗಳಾದ ಮೇಲೆ. ಸ್ಥಳೀಯ ಎಂಬುದು ರಿಯಾಯಿತಿಯಲ್ಲ. ಹೆಚ್ಚು ಕಠಿಣವಾಗಿ ಓದಬೇಕಾದ ಕಾರಣ ಅದು, ಏಕೆಂದರೆ ತಪ್ಪಿದರೆ ತಿದ್ದಲು ಬೇರೆ ದೇಶದವರು ಬರುವುದಿಲ್ಲ.

ಬೆಳಗಾವಿ ಜಿಲ್ಲೆಯ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಆರೋಗ್ಯಾಧಿಕಾರಿಗಳು, ಪಶುಸಂಗೋಪನಾ ಅಧಿಕಾರಿಗಳು ಒಂದೇ ಸಭಾಂಗಣದಲ್ಲಿ ಕೂರುತ್ತಾರೆ. ಮಂಟೂರ ಅವರ ಪ್ರಬಂಧಗಳು, ನಿವೇದಿಯ ದಾಖಲೆಗಳು ಆ ಸಭೆಯ ಮೇಜಿಗೆ ಬರಬೇಕು. ಉಗಾರದಿಂದ ಜ್ವರ ಹಿಡಿದು ಹೊರಟವರು ರೈಲು ಹತ್ತಿ ಮೀರಜ್‌ಗೆ ಹೋದರೆ ಅವರ ರಕ್ತದ ಫಲಿತಾಂಶ ಮಹಾರಾಷ್ಟ್ರದಲ್ಲಿ ಉಳಿಯುತ್ತದೆ, ಬೆಳಗಾವಿಗೆ ಹೋದರೆ ಇಲ್ಲಿ. ಗಡಿ ತಾಲ್ಲೂಕುಗಳ ರೋಗದ ಲೆಕ್ಕವನ್ನು ಎರಡೂ ರಾಜ್ಯಗಳು ಕೂಡಿ ಇಡದೆ ಬೇರೆ ದಾರಿಯಿಲ್ಲ. ಕುರಿಗಾರರಿಗೆ, ಪಶುವೈದ್ಯಕೀಯ ಸಿಬ್ಬಂದಿಗೆ, ಮಾಸು ತೆಗೆಯುವ ಕೈಗಳಿಗೆ ನಿಮಿಷಗಳಲ್ಲಿ ಮುಗಿಯುವ, ಅಗ್ಗದ ರೋಸ್ ಬೆಂಗಾಲ್ ಪರೀಕ್ಷೆಯನ್ನು ಊರಿನಲ್ಲೇ ಮಾಡಿ, ಅದರಲ್ಲಿ ಸಿಕ್ಕವರಿಗೆ ಎಲೈಸಾ ಮಾಡಬಹುದು. ಕುರಿ ಮೇಕೆಗಳಿಗೆ ರೆವ್-1 ಎಂಬ ಲಸಿಕೆ ಬೇರೆ ದೇಶಗಳಲ್ಲಿ ಬಳಕೆಯಲ್ಲಿದೆ, ಆದರೆ ಗಬ್ಬದ ಪ್ರಾಣಿಗೆ ಕೊಟ್ಟರೆ ಅದೇ ಕಂದು ಹಾಕಿಸಬಲ್ಲದು, ಮನುಷ್ಯರಿಗೂ ಸೋಂಕು ತರಬಲ್ಲದು. ವರ್ಷವಿಡೀ ಊರಿಂದೂರಿಗೆ ಸಾಗುವ ನಮ್ಮ ಮಂದೆಗಳಲ್ಲಿ ಅದನ್ನು ಯಾವ ತಿಂಗಳಲ್ಲಿ, ಎಷ್ಟು ವಯಸ್ಸಿನ ಮರಿಗಳಿಗೆ, ಹೇಗೆ ಕೊಡಬಹುದು, ಅಥವಾ ಕೊಡಲೇಬಾರದೇ ಎಂಬುದನ್ನು ಇಲ್ಲಿಯ ಮಂದೆಗಳಲ್ಲೇ ಪರೀಕ್ಷಿಸಿ ಹೇಳಬೇಕು. ಅದಕ್ಕೆ ಒಬ್ಬ ಯುವ ಸಂಶೋಧಕಿ ನಾಲ್ಕೈದು ವರ್ಷ ಅಥಣಿ, ರಾಯಬಾಗದ ಹೊಲಗಳಲ್ಲಿ ಕುರಿಗಾರರ ಜೊತೆ ನಡೆಯಬೇಕಾದೀತು. ಕೊನೆಗೆ ಹೊರಬರುವುದು ಒಂದೋ ಎರಡೋ ಪ್ರಬಂಧ, ಅದೂ ಯಾವುದೋ ಪಶುವೈದ್ಯಕೀಯ ಪತ್ರಿಕೆಯಲ್ಲಿ. ಆಕೆಯ ಬಡ್ತಿಯ ಕಡತ ಮುಂದೆ ಬಂದಾಗ ಸಮಿತಿ ಆ ಎರಡನ್ನು ತೆರೆದು ಓದುತ್ತದೆ ಎಂಬ ಭರವಸೆಯನ್ನು ನಮ್ಮ ವಿಶ್ವವಿದ್ಯಾಲಯಗಳು ಈಗಲೇ ಲಿಖಿತವಾಗಿ ಕೊಡಬೇಕು.